ಯಾರೂ ಸಾಯದ ತಿರುವಿನಲ್ಲಿ

ಸೇವಂತಿಗೆಯ ಕಟ್ಟನ್ನು ಹ್ಯಾಂಡಲ್ಲಿಗೆ ಕಟ್ಟಿ ಮುಗಿಸಿದ ಮೇಲೂ ನೆರಿಸ್ ಮೊಣಕಾಲೂರಿಯೇ ಕೂತಿದ್ದಳು. ರೈಲು ಸೇತುವೆಯ ಕೆಳಗಿನ ತಿರುವು ಅದು. ಟಯರಿನಿಂದ ಸೀಟಿನವರೆಗೆ ಬಿಳಿ ಬಣ್ಣ ಬಳಿದ ಸೈಕಲ್ಲೊಂದನ್ನು ಅಲ್ಲಿನ ದೀಪದ ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಿದ್ದರು. ನಿನ್ನೆ ಇರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದವಳು ಬಸ್ಸಿನ ಕಿಟಕಿಯಿಂದ ಅದನ್ನು ಕಂಡದ್ದೇ ಇಳಿದು, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಕ್ಕ ಹೂವು ಕೊಂಡು ಓಡಿ ಬಂದಿದ್ದಳು.

ಲಂಡನ್ನಿನ ಈ ದಕ್ಷಿಣದ ಬೀದಿಗಳಲ್ಲಿ ಬಿಳಿ ಸೈಕಲ್ಲು ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸವಾರನೊಬ್ಬ ಗಾಡಿಯಡಿ ಸಿಕ್ಕಿ ಸತ್ತ ಜಾಗದಲ್ಲಿ ಅವನ ಜೊತೆಗಾರರು ಅದನ್ನು ತಂದು ನಿಲ್ಲಿಸುತ್ತಾರೆ. ಚರ್ಮ ಹದ ಮಾಡುವವರ ಬೀದಿಯ ಮೂಲೆಯಲ್ಲಿ ನೆರಿಸಳದೂ ಒಂದಿತ್ತು. ಎಡಕ್ಕೆ ತಿರುಗಿದ ಸಿಮೆಂಟ್ ಲಾರಿಯೊಂದು ಅವಳ ಮಗ ಎಮ್ಲಿನ್‌ನನ್ನು ಅಲ್ಲಿ ಕೆಡವಿತ್ತು. ಚಳಿಗಾಲ ಕಳೆದೊಡನೆ ಅವಳು ಡಬ್ಬಿ, ಕುಂಚ ಹಿಡಿದು ಹೋಗಿ ಆ ಸೈಕಲ್ಲಿಗೆ ಹೊಸ ಬಣ್ಣ ಹಚ್ಚಿ ಬರುತ್ತಿದ್ದಳು. ಎಲ್ಲಾದರೂ ಹೊಸ ಬಿಳಿ ಸೈಕಲ್ಲು ಬಂತೆಂದರೆ, ಈಗಾಗಲೇ ಒಂದನ್ನು ಉಳ್ಳವರು ಅಲ್ಲಿಗೆ ಹೋಗುವುದೊಂದು ರೂಢಿ. ಸಾವಿನ ಮನೆಗೆ ಕರೆಯ ಮೇಲೆ ಯಾರು ಹೋಗುತ್ತಾರೆ?

ಮುದುಕನೊಬ್ಬ ನಾಯಿ ಹಿಡಿದುಕೊಂಡು ಬಂದು ನಿಂತ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಹುಡುಗನೋ ಹುಡುಗಿಯೋ ಎಂದು ಕೇಳಿದ. ತನಗೂ ಗೊತ್ತಿಲ್ಲವೆಂದಳು. ಅವನು ತುಟಿಯಲ್ಲೇ ಏನೋ ಹೇಳಿಕೊಂಡು, ನಾಯಿ ಎಳೆದರೂ ಇನ್ನಷ್ಟು ಹೊತ್ತು ನಿಂತೇ ಇದ್ದು ಆಮೇಲೆ ಹೋದ. ಹೆಸರಿನ ಚೀಟಿಯೇನಾದರೂ ಇದೆಯೇ ಎಂದು ನೆರಿಸ್ ಸೀಟಿನ ಕೆಳಗೆ ಕೈಯಾಡಿಸಿದಳು. ಬೆರಳಿಗೆ ಗುಂಡನೆಯದೇನೋ ತಾಗಿ ಪಕ್ಕನೆ ಹೊತ್ತಿಕೊಂಡಿತು. ಮುಂದಿನ ರಸ್ತೆಯ ಮೇಲೆ ಹಸಿರು ಬೆಳಕಿನ ಪುಟ್ಟ ಸೈಕಲ್ಲಿನ ಚಿತ್ರ ಬಿತ್ತು. ದೀಪಕ್ಕೆ ನೂಲಿನಲ್ಲಿ ಒಂದು ಚೀಟಿ ಕಟ್ಟಿತ್ತು. "ಈ ದೀಪ ಇದ್ದಿದ್ದರೆ ನಾನು ಬದುಕಿರುತ್ತಿದ್ದೆ. ಇನ್ನು ಭಾನುವಾರದವರೆಗೆ ಮಾತ್ರ." ಅದರ ಕೆಳಗೆ, ಫೋನು ಹಿಡಿದರೆ ದುಡ್ಡು ಕಳಿಸಬಹುದಾದ ಕಪ್ಪು ಬಿಳುಪು ಚೌಕ.

ಆ ದೀಪ ಅವಳಿಗೆ ಗೊತ್ತಿತ್ತು. ಅದರ ಮೊದಲ ಮಾದರಿಯನ್ನು ಬೆಸುಗೆ ಹಾಕಿದ್ದು ಅವಳದೇ ಅಡುಗೆಮನೆಯ ಮೇಜಿನ ಮೇಲೆ. ಸುಟ್ಟ ಕಲೆ ಇನ್ನೂ ಹೋಗಿಲ್ಲ.

ಡೊಮಿನಿಕ್ ಎಮ್ಲಿನ್‌ನ ಗೆಳೆಯ. ಆ ಬೆಳಿಗ್ಗೆ ಅವನ ಹಿಂದೆಯೇ ಸೈಕಲ್ಲು ತುಳಿಯುತ್ತಿದ್ದವನು. ಆಸ್ಪತ್ರೆಯ ಬಾಗಿಲಲ್ಲಿ ನೆರಿಸಳನ್ನು ಹಿಡಿದುಕೊಂಡವನು ಅವನು. ಜಜ್ಜಿದ ಸೈಕಲ್ಲನ್ನು ಪೊಲೀಸರಿಂದ ಬಿಡಿಸಿ ತಂದು, ಅವಳ ಹಿತ್ತಲಲ್ಲಿ ಅವಳ ಜೊತೆ ಕೂತು ಬಿಳಿ ಬಳಿದವನು ಅವನು. ಮಗ ಹೋದ ಮೇಲೆ, ಐವತ್ತು ದಾಟಿದವಳಿಗೆ ಸೈಕಲ್ಲು ಹೊಡೆಯಲು ಕಲಿಸಿ, ಮಗನ ಸೈಕಲ್ ಕ್ಲಬ್ಬಿಗೆ ಸೇರಿಸಿದವನೂ ಅವನೇ. ಸವಾರನ ಮುಂದೆ ರಸ್ತೆಯಲ್ಲಿ ಬೆಳಕಿನ ಚಿತ್ರ ಬಿದ್ದರೆ ತಿರುಗುವ ಲಾರಿಯವನಿಗೆ ಕಾಣುತ್ತದೆ ಎಂಬ ಯೋಚನೆ ಅವನಿಗೆ ಬಂದದ್ದು ಆ ಸಾವಿನಿಂದ. ಒಳ್ಳೆಯ ಯೋಚನೆಯೇ. ಕೆಲಸ ಬಿಟ್ಟು ಕಂಪನಿ ಮಾಡಿದ. ದೀಪಕ್ಕೆ ಎಮ್ಲಿನ್ ಎಂದು ಹೆಸರಿಡಲೇ ಎಂದು ಕೇಳಿದಾಗ ನೆರಿಸ್ ಅಳುತ್ತಾ ಹೂಂ ಎಂದಿದ್ದಳು. ಜನರಿಂದ ಹಣ ಕೂಡಿಸುವ ಜಾಲತಾಣದಲ್ಲಿ ಹಾಕಿದಾಗ ಕ್ಲಬ್ಬಿನವರೆಲ್ಲ ಮುಂಗಡ ಬರೆದರು. ಆದರೆ ಅಲ್ಲಿನ ನಿಯಮ ನಿಷ್ಠುರ: ಹೇಳಿದ ದಿನದೊಳಗೆ ಗುರಿ ಮುಟ್ಟಿದರೆ ಎಲ್ಲವೂ ಸಿಗುತ್ತದೆ, ಇಲ್ಲವಾದರೆ ಬಿಡಿಗಾಸೂ ಇಲ್ಲ. ಅರ್ಧ ದಾರಿಗೇ ಅದು ನಿಂತುಹೋಗಿತ್ತು.

ಅದಕ್ಕೆ ಹುಡುಗ ಈ ಉಪಾಯ ಹೂಡಿದ್ದ. ಗುಜರಿಯಿಂದ ಹಳೆ ಸೈಕಲ್ಲುಗಳನ್ನು ತಂದು, ಬಿಳಿ ಬಳಿದು, ಊರಿನ ಹತ್ತಾರು ತಿರುವುಗಳಲ್ಲಿ ಕಟ್ಟಿದ್ದ. ಯಾವ ತಿರುವಿನಲ್ಲೂ ಯಾರೂ ಸತ್ತಿರಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಕಂಡಿದ್ದೇವೆ. ಇವನು ಗಳ ಬೇಕೆಂದು ಮನೆಗೇ ಬೆಂಕಿ ಇಟ್ಟವನು.

ನೆರಿಸ್ ಅಂದು ಕೆಲಸಕ್ಕೆ ಹೋಗಲಿಲ್ಲ. ತಾನು ಕಟ್ಟಿದ ಹೂವನ್ನು ಬಿಚ್ಚಲು ಹೋದಳು, ಕೈ ಬರಲಿಲ್ಲ. ಬಿಟ್ಟು ಹೋಗಲೂ ಮನಸ್ಸಾಗಲಿಲ್ಲ. ಕೊನೆಗೆ ಕಿತ್ತೇ ತೆಗೆದು ಪಕ್ಕದ ಕಸದ ತೊಟ್ಟಿಗೆ ಹಾಕಿದಳು.

ಸಂಜೆ ಪಬ್ಬಿನಲ್ಲಿ ಕ್ಲಬ್ಬಿನವರು ಸೇರಿದ್ದರು. ಬಾಗಿಲು ತೆರೆದರೆ ನಗುವಿನ ಅಲೆ. ಮಧ್ಯಾಹ್ನದ ಸುದ್ದಿಯಲ್ಲಿ ಬಿಳಿ ಸೈಕಲ್ಲುಗಳು ಬಂದಿದ್ದವಂತೆ, ಹಣ ಹರಿದು ಬರುತ್ತಿದೆಯಂತೆ. ಡೊಮಿನಿಕ್‌ನ ಫೋನು ಮೇಜಿನ ನಡುವೆ ಮೇಲ್ಮುಖವಾಗಿತ್ತು. ಅಂಕಿ ಏರಿದಾಗೆಲ್ಲ ಅವರು ಗ್ಲಾಸು ಎತ್ತುತ್ತಿದ್ದರು. ಹೆಣದ ಹಣೆಯ ಕಾಸು ಆರಿಸಿಕೊಳ್ಳುವವರಿಗೂ ಒಂದಿಷ್ಟು ನಾಚಿಕೆ ಇರುತ್ತದೆ, ಕತ್ತಲಾಗುವವರೆಗೆ ಕಾಯುತ್ತಾರೆ. ಇಲ್ಲಿ ಉಪ್ಪು ಹಚ್ಚಿದ ಆಲೂಗಡ್ಡೆ ಚಿಪ್ಸಿನ ಜೊತೆ ನಡೆದಿತ್ತು.

ನೆರಿಸಳನ್ನು ಕಂಡು ಡೊಮಿನಿಕ್ ಎದ್ದು ಬಂದು ಅಪ್ಪಿಕೊಳ್ಳಲು ಕೈ ಚಾಚಿದ. ಅವಳು ಕೋಟನ್ನು ಎದೆಗೆ ಅಡ್ಡ ಹಿಡಿದುಕೊಂಡಳು.

"ಸೇತುವೆ ಹತ್ರ ಇಟ್ಟಿದೀಯಲ್ಲ, ಅಲ್ಲಿ ಯಾರು ಸತ್ತಿದ್ದು?"

"ಯಾರೂ ಇಲ್ಲ ನೆರಿಸ್. ಅದೇ ಅಲ್ವಾ ವಿಷಯ? ಇನ್ಮುಂದೆ ಯಾರೂ ಸಾಯ್ಬಾರ್ದು ಅಂತ."

"ಒಬ್ಬ ಮುದುಕ ಟೋಪಿ ತೆಗೆದ ಕಣೋ. ಪ್ರಾರ್ಥನೆ ಮಾಡ್ದ. ಯಾರಿಗೆ ಮಾಡ್ದ ಅವನು?"

ಡೊಮಿನಿಕ್ ಅತ್ತಿತ್ತ ನೋಡಿದ. ಅವನ ಕಣ್ಣಲ್ಲಿ ಕಳ್ಳತನವೇನೂ ಇರಲಿಲ್ಲ, ಅದೇ ಇನ್ನೂ ಹೇಸಿಗೆ. ತಾನು ಮಾಡಿದ್ದು ಸರಿ ಎಂದೇ ನಂಬಿದ್ದ. ದೀಪ ಬರದಿದ್ದರೆ ಇನ್ನೆಷ್ಟು ಎಮ್ಲಿನ್‌ಗಳು ಹೋಗುತ್ತಾರೋ, ಒಂದು ಜೀವ ಉಳಿದರೂ ಸಾಕಲ್ಲವೇ, ಎಮ್ಲಿನ್ ಇದ್ದಿದ್ದರೆ ತಾನೇ ಬಂದು ಬಣ್ಣ ಬಳಿಯುತ್ತಿದ್ದ ಎಂದೆಲ್ಲ ಹೇಳಿದ. ಕೊನೆಯ ಮಾತಿಗೆ ಮೇಜಿನ ಸುತ್ತ ಹೂಂಗುಟ್ಟಿದರು. ಕ್ಲಬ್ಬಿನ ಕಾರ್ಯದರ್ಶಿ ಪ್ರುಡೆನ್ಸ್, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡಂತೆ ಮಾತಾಡುವ ಹೆಂಗಸು, ನೆರಿಸಳ ಭುಜದ ಮೇಲೆ ಕೈಯಿಟ್ಟು, ದುಃಖದಲ್ಲಿ ಹೀಗೆ ಅನಿಸುವುದು ಸಹಜ, ಒಂದು ಟೀ ಕುಡಿದರೆ ಸರಿಹೋಗುತ್ತದೆ ಎಂದಳು.

"ನಂಗೆ ದುಃಖ ಆಗ್ತಿಲ್ಲ ಪ್ರುಡೆನ್ಸ್, ವಾಂತಿ ಬರ್ತಿದೆ," ಎಂದು ನೆರಿಸ್ ಹೇಳಿದಳು. ಆಮೇಲೆ ಡೊಮಿನಿಕ್‌ನ ಕಡೆ ತಿರುಗಿ, "ಅವನ ಹೆಸರು ತೆಗಿ ಆ ದೀಪದಿಂದ," ಎಂದಳು.

ಅಚ್ಚಾಗಿಹೋಗಿದೆ ಎಂದ ಡೊಮಿನಿಕ್. ಅವಳು ಹೊರಬಿದ್ದಳು. ಮತ್ತೆ ಅಂಕಿ ಏರಿರಬೇಕು, ಬೆನ್ನ ಹಿಂದೆ ಯಾರೋ ಕೂಗಿದರು.

ಊರಿನ ಜನ ಸುಮ್ಮನಿರಲಿಲ್ಲ. ಅತ್ತು ಹಣ ಕಳಿಸಿದವರೇ ಮೋಸ ಗೊತ್ತಾದ ಮೇಲೆ ಉಗಿದರು, ಪುರಸಭೆಗೆ ದೂರು ಹೋಯಿತು. ಆದರೆ ಅಷ್ಟರಲ್ಲಿ ಭಾನುವಾರ ಬಂದು ಗುರಿ ದಾಟಿಯಾಗಿತ್ತು. ಸೋಮವಾರ ನೆರಿಸ್ ಎಂದಿನಂತೆ ಚರ್ಮ ಹದ ಮಾಡುವವರ ಬೀದಿಯ ಮೂಲೆಗೆ ಹೋದಾಗ ಕಂಬ ಬೋಳಾಗಿತ್ತು. ಕತ್ತರಿಸಿದ ಸರಪಳಿ ನೆಲದಲ್ಲಿ ಬಿದ್ದಿತ್ತು, ಕಂಬಕ್ಕೆ ಸುತ್ತಿದ್ದ ಹಳೆ ಹೂವಿನ ತಂತಿಗಳು ಮಾತ್ರ ಉಳಿದಿದ್ದವು. ಪುರಸಭೆಯ ಲಾರಿ ಬಿಳಿ ಸೈಕಲ್ಲುಗಳನ್ನೆಲ್ಲ ಎತ್ತಿಕೊಂಡು ಹೋಗಿತ್ತು, ಯಾವುದು ನಿಜ ಯಾವುದು ಸುಳ್ಳು ಎಂದು ಅವರಿಗೇನು ಗೊತ್ತು?

ಕಸ ಸಾಗಿಸುವ ಅಂಗಳದಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಎಸೆದಿದ್ದರು. ಹಳದಿ ಅಂಗಿಯ ಕೆಲಸದವನು, ನಿಮ್ಮದು ಯಾವುದು ನೋಡಿಕೊಂಡು ತೆಗೆದುಕೊಳ್ಳಿ, ನಮಗೆಲ್ಲ ಒಂದೇ ಥರ ಕಾಣುತ್ತವೆ ಎಂದ. ಅವನು ಕೆಟ್ಟದಾಗಿಯೇನೂ ಹೇಳಲಿಲ್ಲ. ನೆರಿಸ್ ಡೊಮಿನಿಕ್‌ನ ಸೈಕಲ್ಲುಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಹಾಕಿದಳು. ತಳದಲ್ಲಿ ಅವಳದು ಸಿಕ್ಕಿತು. ಮುಂದಿನ ಚಕ್ರ ಅಂದು ಲಾರಿ ಮಡಚಿದಂತೆಯೇ ಮಡಚಿಕೊಂಡಿತ್ತು. ಅದನ್ನು ತಬ್ಬಿಕೊಂಡು ಎತ್ತಿದಳು.

ಮುಂದಿನ ಚಕ್ರ ಉರುಳದ ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಮುಗ್ಗರಿಸುತ್ತಾ ತಳ್ಳಿಕೊಂಡು ಬಂದಳು. ದಾರಿಯಲ್ಲಿ ಹೊಸ ಸರಪಳಿ ಕೊಂಡಳು. ಮೂಲೆಗೆ ಬಂದು ಕಂಬಕ್ಕೆ ಒರಗಿಸಿ, ಬೆವರು ಒರೆಸಿಕೊಂಡು ಸರಪಳಿ ಬಿಚ್ಚುತ್ತಿದ್ದಾಗ ರಸ್ತೆ ದಾಟಲು ಒಬ್ಬ ತಾಯಿ, ಶಾಲೆಯ ಸಮವಸ್ತ್ರದ ಮಗಳು ಬಂದು ನಿಂತರು. ಈ ಹುಡುಗಿಯನ್ನು ನೆರಿಸ್ ಹಿಂದೆಯೂ ನೋಡಿದ್ದಳು. ಸೈಕಲ್ಲಿನ ಸೀಟು ಮುಟ್ಟಿಯೇ ದಾಟುವುದು ಅವಳ ಅಭ್ಯಾಸ. ಇಂದು ತಾಯಿ ಅವಳ ಕೈ ಹಿಂದಕ್ಕೆಳೆದಳು.

"ಮುಟ್ಬೇಡ. ದುಡ್ಡಿಗೋಸ್ಕರ ಇಡೋದು ಇದನ್ನೆಲ್ಲ."

"ಹಂಗಾದ್ರೆ ಆ ಅಣ್ಣ ಸತ್ತೇ ಇಲ್ವಾ ಅಮ್ಮಾ?"

"ಇಲ್ಲ ಬಾ," ಎಂದಳು ತಾಯಿ. ಹಸಿರು ದೀಪ ಬಂತು, ದಾಟಿದರು.

ನೆರಿಸ್‌ಗೆ ಕೂಗಿ ಹೇಳಬೇಕೆನಿಸಿತು. ಏನೆಂದು ಕೂಗುವುದು? ಸತ್ತಿದ್ದಾನಮ್ಮಾ, ಖಂಡಿತ ಸತ್ತಿದ್ದಾನೆ ಎಂದೇ? ಮಗ ಸತ್ತದ್ದಕ್ಕೆ ತಾಯಿ ಸಾಕ್ಷಿ ಹೇಳಬೇಕಾದ ಗತಿ. ಅವಳು ಸರಪಳಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಸೈಕಲ್ಲನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು.

ಶನಿವಾರ ಡೊಮಿನಿಕ್ ಬಂದಾಗ ಅವಳು ಹಿತ್ತಲಲ್ಲಿ ಹಳೆ ಪರದೆಯೊಂದನ್ನು ಹಾಸಿ, ಸೈಕಲ್ಲು ಮಲಗಿಸಿಕೊಂಡು ಮರಳು ಕಾಗದದಿಂದ ಉಜ್ಜುತ್ತಿದ್ದಳು. ಅವನು ಗೇಟಿನಾಚೆಯೇ ನಿಂತ. ಕೈಯಲ್ಲಿ ಬಿಳಿ ಬಣ್ಣ ತುಂಬಿದ ಪುಟ್ಟ ಡಬ್ಬಿಯೊಂದಿತ್ತು. ಮೂಲೆಯಲ್ಲಿ ಮತ್ತೆ ಇಡಲು ಪುರಸಭೆಯವರ ಜೊತೆ ತಾನೇ ಮಾತಾಡುತ್ತೇನೆ, ಬರೆದುಕೊಡುತ್ತೇನೆ, ಎಲ್ಲರ ಮುಂದೆ ತಪ್ಪಾಯಿತು ಎನ್ನುತ್ತೇನೆ ಎಂದ. ಅವನ ದನಿ ಒಡೆದಿತ್ತು. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಯಾಕೆ ತೆಗೀತಿದೀರಾ ನೆರಿಸ್? ನಾವಿಬ್ರೂ ಕೂತು ಹಚ್ಚಿದ ಬಣ್ಣ ಅಲ್ವಾ ಅದು?"

ಅವನು ಗೇಟಿನ ಅಗುಳಿಗೆ ಕೈ ಹಾಕಿದ.

"ಅಲ್ಲೇ ನಿಂತ್ಕೋ," ಎಂದಳು ಅವಳು, ತಲೆ ಎತ್ತದೆ. "ಪುಡಿ ಹಾರುತ್ತೆ, ನಿನ್ನ ಬಟ್ಟೆ ಹಾಳಾಗುತ್ತೆ."

ಅವನು ಅಗುಳಿಯಿಂದ ಕೈ ತೆಗೆದ. ಡಬ್ಬಿಯನ್ನು ಗೋಡೆಯ ಮೇಲಿಡಲು ಹೋಗಿ, ಇಡದೆ, ಹಾಗೇ ಹಿಡಿದುಕೊಂಡು ಹೋದ.

ಬಣ್ಣ ಸುಲಭಕ್ಕೆ ಬಿಡುವಂಥದ್ದಲ್ಲ, ವರ್ಷ ವರ್ಷವೂ ಅವಳೇ ಒಂದರ ಮೇಲೊಂದು ಬಳಿದದ್ದು. ಮೊಣಕೈವರೆಗೂ ಬಿಳಿ ಪುಡಿ ಹತ್ತಿತ್ತು. ಹ್ಯಾಂಡಲ್ಲಿನ ಕೆಳಗೆ ಒಂದು ಕಡೆ, ಉಗುರಿನಷ್ಟು ಅಗಲ, ಹಸಿರು ಕಂಡಿತು. ಅಂಗಡಿಯಲ್ಲಿ ಎಮ್ಲಿನ್ ಹಟ ಹಿಡಿದು ಆರಿಸಿಕೊಂಡ ಹಸಿರು. ಇದೇನು ಕಪ್ಪೆ ಬಣ್ಣವೋ ಎಂದು ಅವಳು ಅಂದು ಬೈದಿದ್ದಳು. ನೆರಿಸ್ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಅಲ್ಲಿಗೆ ಮೆತ್ತಿದ್ದ ಪುಡಿಯನ್ನು ಒರೆಸಿದಳು.