ಬೀಗ ಹಾಕಿದವರ ಭಾಷೆಗೆ

ಇಟಲಿಯ ನಮ್ಮ ವಾರಪತ್ರಿಕೆಗೆ ಸ್ಪ್ಯಾನಿಷ್‌ನಿಂದ ಇಟಾಲಿಯನ್‌ಗೆ ಅನುವಾದ ಮಾಡುವವರು ಬೇಕಾಗಿದ್ದರು. ಸಂಪಾದಕರು ಹುಡುಕುವ ಕೆಲಸವನ್ನು ಪುಟ ವಿನ್ಯಾಸ ಮಾಡುವ ನನ್ನ ತಲೆಗೆ ಕಟ್ಟಿದರು. ನಾನು ಹುಡುಕಲು ಕೂರುವಷ್ಟರಲ್ಲಿ ತಮ್ಮ ಭಾವಮೈದನಿಗೆ ಕೆಲಸ ಕೊಟ್ಟೂಬಿಟ್ಟಿದ್ದರು. ಆತ ವಾಷಿಂಗ್ ಮೆಷಿನ್ ಕೈಪಿಡಿಗಳನ್ನು ಅನುವಾದಿಸುವವನು. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ.

ಅನುವಾದವಾಗಬೇಕಿದ್ದ ವರದಿ ಹೊಲಿಗೆ ಕಾರ್ಖಾನೆಯೊಂದಕ್ಕೆ ಬಿದ್ದ ಬೆಂಕಿಯದು. ಕಾರ್ಖಾನೆ ಸಮುದ್ರದಾಚೆ, ಮಾಲೀಕರು ಮಾತ್ರ ನಮ್ಮೂರಿನವರು, ನಮ್ಮ ಪತ್ರಿಕೆ ಓದುವವರು. ಬದುಕುಳಿದ ಹೆಂಗಸೊಬ್ಬರು ಅಲ್ಲಿನ ವರದಿಗಾರನಿಗೆ ಎಲ್ಲವನ್ನೂ ಹೇಳಿದ್ದರು. ವರದಿಯಲ್ಲಿ ಅವರು ಬರೀ ‘ಒಬ್ಬ ಕಾರ್ಮಿಕ ಮಹಿಳೆ’.

ಭಾವಮೈದ ಒಂದು ಪ್ರಶ್ನೆಯನ್ನೂ ಕೇಳದೆ ಮರುದಿನವೇ ಅನುವಾದ ಕಳಿಸಿದ. ನನ್ನ ಅರೆಬರೆ ಸ್ಪ್ಯಾನಿಷ್‌ಗೂ ತಪ್ಪು ಕಣ್ಣಿಗೆ ಬಿತ್ತು. ‘ಹೊರಗಿನಿಂದ ಬೀಗ ಜಡಿದಿದ್ದರು’ ಎಂದು ಆ ಹೆಂಗಸು ಹೇಳಿದ್ದು ‘ಬಾಗಿಲು ಮುಚ್ಚಿದ ಸ್ಥಿತಿಯಲ್ಲಿತ್ತು’ ಎಂದಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೆಷಿನ್ನಿನ ಬಾಗಿಲಾದರೆ ಹಾಗೆ ಬರೆಯಲಿ, ಇದರ ಹಿಂದೆ ಜನ ಸತ್ತಿದ್ದರು.

ಪತ್ರಿಕೆಗಳಿಗೇ ಅನುವಾದ ಮಾಡುವ ಒಬ್ಬಾಕೆಯನ್ನು ಹುಡುಕಿ ಕರೆಸಿದೆ. ಬಂದವರು ಕೋಟು ಕೂಡ ಬಿಚ್ಚದೆ ವರದಿ ಓದಿ ಮುಗಿಸಿದರು.

“ಬರೆಯೋಕೆ ಮುಂಚೆ ಒಂದು ಮಾತು,” ಎಂದರು. “ಇದು ಮಾಲೀಕರ ಭಾಷೆಯಲ್ಲಿ ಬರುತ್ತೆ ಅಂತ ಆ ಹೆಂಗಸಿಗೆ ಗೊತ್ತಾ? ಮೂಲೆ ಕಿಟಕಿ ಪಕ್ಕ ಕೂತಿದ್ದೆ ಅಂದಿದ್ದಾರೆ. ಓದಿದ ತಕ್ಷಣ ಯಾರು ಅಂತ ಮಾಲೀಕರಿಗೆ ಗೊತ್ತಾಗಿಬಿಡುತ್ತೆ.”

ಸಂಪಾದಕರು ನಕ್ಕರು. “ಇಷ್ಟೊಂದು ಅನುಮಾನ ಯಾಕೆ ಮೇಡಂ? ಭಾಷೆ ಸರಿಯಾಗಿ ಬರಲ್ವಾ? ನಮ್ಮ ಹುಡುಗ ಒಂದೂ ಕೇಳ್ಲಿಲ್ಲ.”

“ಕೇಳದೆ ಬರೆಯೋರು ಬೇಕಿದ್ರೆ ನಾನು ಹೊರಟೆ.”

ಅವರು ಎದ್ದರು. ನಾನೂ ಎದ್ದೆ. “ಇವರು ಹೋದ್ರೆ ಆ ಪುಟ ನಾನು ಕಟ್ಟಲ್ಲ ಸಾರ್. ಖಾಲಿ ಬಿಡಿ, ಇಲ್ಲಾಂದ್ರೆ ವಾಷಿಂಗ್ ಮೆಷಿನ್ ಹಾಕಿ.”

ಪುಟ ಅಂದೇ ಸಂಜೆ ಅಚ್ಚಿಗೆ ಹೋಗಬೇಕಿತ್ತು. ನನ್ನನ್ನು ಬಿಟ್ಟರೆ ಕಟ್ಟುವವರು ಬೇರೆ ಯಾರೂ ಇರಲಿಲ್ಲ, ಅದು ಸಂಪಾದಕರಿಗೂ ಗೊತ್ತು. “ಏನಾದ್ರೂ ಮಾಡ್ಕೊಳ್ಳಿ,” ಎಂದು ಕುರ್ಚಿ ತಿರುಗಿಸಿ ಕೂತರು.

ವರದಿಗಾರನ ಮೂಲಕ ಆ ಹೆಂಗಸು ಫೋನಿಗೆ ಸಿಕ್ಕರು. ಅನುವಾದಕಿ ಅವರಿಗೆ ವರದಿ ಓದಿ ಹೇಳಿ, ಇದು ಮಾಲೀಕರ ಭಾಷೆಯಲ್ಲಿ ಬರುತ್ತದೆ, ಕಿಟಕಿಯ ಮಾತು ತೆಗೆಯಬಹುದು, ಬೇಡವೆಂದರೆ ಅಚ್ಚೇ ಮಾಡುವುದಿಲ್ಲ ಎಂದು ತಿಳಿಸಿದರು. ಬೆಂಕಿಯಿಂದ ಪಾರಾಗಿ ಬಂದವರನ್ನು ನಾವು ಮತ್ತೆ ಹೆದರಿಸಿಬಿಟ್ಟೆವಲ್ಲ ಎಂದುಕೊಂಡೆ.

ಆದರೆ ಆಕೆ ಒಂದೇ ಉಸಿರಿಗೆ ಮಾತಾಡಿದರು. ಅನುವಾದಕಿ ನಮಗೆ ಹೇಳಿದರು:

“‘ಬಾಗಿಲು ಬಡಿದು ಬಡಿದು ಕೂಗಿದ್ವಿ ತಾಯಿ. ವಿಚಾರಣೆಗೆ ಕರೆದಾಗ್ಲೂ ಕೂಗಿದೆ. ನಿನ್ನ ಭಾಷೆ ನಂಗೆ ಅರ್ಥ ಆಗಲ್ಲ ಅಂದ್ರು ಮಾಲೀಕರು. ಈಗ ಅವರದ್ದೇ ಭಾಷೇಲಿ ಬರುತ್ತಲ್ಲ, ಕಿಟಕಿ ಹಾಗೇ ಇರ್ಲಿ. ಅದೇನದು, ಒಬ್ಬ ಕಾರ್ಮಿಕ ಮಹಿಳೆ? ನಂಗೆ ಹೆಸರಿಲ್ವಾ? ಬರ್ಕೊಳ್ಳಿ.’”

ಫೋನಿನಲ್ಲಿ ಆಕೆ ತಮ್ಮ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿದರು. ಅದಕ್ಕೆ ಅನುವಾದ ಬೇಕಿರಲಿಲ್ಲ.

“ಆಯ್ತು, ಹೆಸರು ಒಳಗೆಲ್ಲಾದ್ರೂ ಸಣ್ಣದಾಗಿ ಹಾಕಿ,” ಎಂದರು ಸಂಪಾದಕರು.

ನಾನು ಅದನ್ನೇ ತಲೆಬರಹ ಮಾಡಿದೆ.