ಇಪ್ಪತ್ತೆಂಟು ಹಲ್ಲಿನ ಚಕ್ರ

ಅರ್ಧ ಏರಿನಲ್ಲೇ ಜೂಲಿಯೆಟ್ ಟೀಚರ ಕಾಲು ನೆಲಕ್ಕೆ ತಾಗಿತು. ಏದುಸಿರು ಬಿಡುತ್ತ ಮೋರಿಯ ಮೇಲೆ ಕುಳಿತು ಸೈಕಲ್ಲಿನ ಹಿಂದಿನ ಚಕ್ರವನ್ನು ದುರುಗುಟ್ಟಿ ನೋಡಿದರು. ತಪ್ಪು ಅದರದ್ದಲ್ಲ, ತನ್ನ ಜಂಬದ್ದು ಎಂದು ಅವರಿಗೆ ಗೊತ್ತಿತ್ತು.

ಕಾಲೇಜಿನ ರೇಸಿಗೆಂದು ಅಪ್ಪ ಕೊಡಿಸಿದ್ದ ಉಕ್ಕಿನ ಸೈಕಲ್ಲು ಅದು. ಹೈಸ್ಕೂಲಿನಲ್ಲಿ ಆಟದ ಟೀಚರಾಗಿ ನಿವೃತ್ತರಾದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಮಂಡಿನೋವು ನಡೆಯಲು ಬಿಡದಿದ್ದರೂ ಪೆಡಲು ತುಳಿಯಲು ತಕರಾರು ಮಾಡುತ್ತಿರಲಿಲ್ಲ. ಹಿಂದಿನ ವಾರ ಹೊಸಂಗಡಿಯ ಸೈಕಲ್ ಅಂಗಡಿಯ ವಿಜೇತ್ ಹಿಂದಿನ ಚಕ್ರಕ್ಕೆ ಹಾಕುವ ಎರಡು ಗೇರು ಸೆಟ್ಟುಗಳನ್ನು ಮುಂದಿಟ್ಟಿದ್ದ. ಒಂದರ ದೊಡ್ಡ ಹಲ್ಲುಚಕ್ರಕ್ಕೆ ಇಪ್ಪತ್ತನಾಲ್ಕು ಹಲ್ಲು, ಇನ್ನೊಂದಕ್ಕೆ ಇಪ್ಪತ್ತೆಂಟು. ಹಲ್ಲು ಹೆಚ್ಚಿದಷ್ಟೂ ಏರು ಹಗುರ. ಇಪ್ಪತ್ತೆಂಟರದ್ದು ಚಹಾದ ಸಾಸರಿನಷ್ಟು ಅಗಲವಿತ್ತು. "ಇದು ಮುದುಕಿಯರಿಗೆ" ಎಂದು ಟೀಚರು ಚಿಕ್ಕದನ್ನೇ ಹಾಕಿಸಿಕೊಂಡಿದ್ದರು.

ಏರಿನ ತುದಿಯಲ್ಲಿ ಅಕ್ಕ ಕ್ರಿಸ್ಟಿನಳ ಮನೆ. ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿ ಕೊಡುವ ಹೊಸ ಭತ್ತದ ತೆನೆಯನ್ನು ಅವಳು ಪ್ರತಿ ವರ್ಷ ತಾನೇ ನಡೆದು ಒಯ್ಯುತ್ತಿದ್ದಳು. ತೆನೆ ಹಿಡಿದವರು ಮನೆ ಮುಟ್ಟುವವರೆಗೆ ದಾರಿಯಲ್ಲಿ ನಿಲ್ಲಬಾರದು ಎಂಬುದು ಅಮ್ಮ ಇಬ್ಬರಿಗೂ ಹಾಕಿಕೊಟ್ಟ ಕಟ್ಟುಪಾಡು. ಸೊಂಟದ ಎಲುಬು ಮುರಿದು ಆಪರೇಷನ್ ಆದ ಮೇಲೆ ಅಕ್ಕ ವಾಕರ್ ಹಿಡಿದು ಜಗಲಿಯವರೆಗೆ ಬಂದರೆ ಅದೇ ದೊಡ್ಡದು.

"ಈ ಸಲ ನಂಗೆ ತೆನೆ ಬೇಡ. ನನ್ನದೆಲ್ಲ ಮುಗೀತು" ಅಂದಿದ್ದಳು.

ಆ ಮಾತು ಟೀಚರಿಗೆ ಸಹಿಸಲಾಗಲಿಲ್ಲ. ರಿಕ್ಷಾದಲ್ಲಿ ಹೋದರೆ ಡ್ರೈವರು ನಾಲ್ಕು ಕಡೆ ನಿಲ್ಲಿಸಿ ಹರಟೆ ಹೊಡೆಯುತ್ತಾನೆ. ತೆನೆಯನ್ನು ತಾನೇ ಒಯ್ಯಬೇಕು, ಎಲ್ಲೂ ನಿಲ್ಲದೆ. ಅದಕ್ಕೇ ಹಬ್ಬಕ್ಕೆ ಮೊದಲೇ ಈ ಏರಿನಲ್ಲಿ ಅಭ್ಯಾಸಕ್ಕೆ ಇಳಿದಿದ್ದರು. ಟೀಚರು ಎದ್ದು ಸೈಕಲ್ಲನ್ನು ಇಳಿಜಾರಿಗೆ ತಿರುಗಿಸಿ ಸೀದಾ ಅಂಗಡಿಗೆ ಹೋದರು.

"ಆಗ್ಲಿಲ್ಲ ವಿಜೇತ್. ಆ ದೊಡ್ಡದೇ ಹಾಕು."

"ಅದಕ್ಕೆ ಈ ಚೈನು ಸಾಲೋದಿಲ್ಲ ಟೀಚರೇ, ಅದನ್ನೂ ಬದಲಾಯಿಸ್ಬೇಕು. ಒರಿಜಿನಲ್ ಸೈಕಲ್, ಅಂದವೇ ಹೋಗ್ತದೆ. ನೋಡಿದವರು ಎಂತ ಹೇಳ್ತಾರೆ?"

"ನೋಡುವವರು ತುಳಿಲಿಕ್ಕೆ ಬರ್ತಾರಾ ಮಾರಾಯ? ಹಾಕು ನೀನು."

ಹಬ್ಬದ ದಿನ ಪೂಜೆ ಮುಗಿದದ್ದೇ ತೆನೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿಕೊಂಡು ಹೊರಟರು. ಏರಿನಲ್ಲಿ ಕಾಲು ಗಿರಗಿರನೆ ತಿರುಗುತ್ತಿತ್ತು, ಸೈಕಲ್ಲು ಮಾತ್ರ ತೆವಳುತ್ತಿತ್ತು. ಹುಲ್ಲಿನ ಕಟ್ಟು ಹೊತ್ತ ಅಕ್ಕನ ನೆರೆಮನೆಯ ಪ್ರೇಮಾವತಿ ಪಕ್ಕದಲ್ಲೇ ನಡೆದು ಬಂದಳು.

"ನಡೆದ್ರೆ ಇದಕ್ಕಿಂತ ಬೇಗ ಮುಟ್ಟಬಹುದಲ್ಲ ಟೀಚರೇ?"

"ಬೇಗ ಯಾರಿಗೆ ಬೇಕು? ನಿಲ್ಬಾರ್ದು, ಅಷ್ಟೆ!"

ಮೋರಿ ಹಿಂದಾಯಿತು. ತಿರುವೂ ಹಿಂದಾಯಿತು. ಟೀಚರಿಗೆ ಹಿಗ್ಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಕ್ಕನ ಮನೆ ಎದುರಾಯಿತು. ಗೇಟು ಹಾಕಿತ್ತು! ಇಷ್ಟು ದಿನ ಹಲ್ಲು ಎಣಿಸಿದವರು ಗೇಟನ್ನು ಮರೆತೇಬಿಟ್ಟಿದ್ದರು. ಅಕ್ಕನ ಮಗ ರೊಯ್ಸ್ಟನ್ ಹಬ್ಬದಂದೂ ಡ್ಯೂಟಿಗೆ ಹೋಗಿದ್ದ. ಮನೆಯಲ್ಲಿ ಅಕ್ಕ ಒಬ್ಬಳೇ.

ಟೀಚರು ಹ್ಯಾಂಡಲು ತಿರುಗಿಸಿ ಗೇಟಿನೆದುರಿನ ಅಗಲ ಜಾಗದಲ್ಲಿ ಸುತ್ತು ಹಾಕತೊಡಗಿದರು.

"ಅಕ್ಕಾ, ಗೇಟು!"

"ಇಳಿದು ನೀನೇ ತೆಗಿ!" ಜಗಲಿಯಿಂದ ಕ್ರಿಸ್ಟಿನ್ ಕೂಗಿದಳು.

"ಇಳಿಲಿಕ್ಕಿಲ್ಲ! ತೆನೆ ಉಂಟು!"

ಟೀಚರು ಇನ್ನೊಂದು ಸುತ್ತು ಬಂದರು. ಮತ್ತೊಂದು. ಆಮೇಲೆ ವಾಕರ್ ಮೆಟ್ಟಿಲಿಗೆ ತಾಗಿದ ಸದ್ದು ಕೇಳಿಸಿತು. ಅಕ್ಕ ಒಂದು ಕೈಯಲ್ಲಿ ಕಂಬ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಳು.

"ಬೀಳ್ತಿ ನೋಡು ನೀನು, ಹೀಗೆ ಸುತ್ತಿದ್ರೆ!"

"ನನ್ನ ಚಿಂತೆ ಬಿಡು. ನೀನು ನಿಧಾನ ಬಾ."

ಅಕ್ಕ ಬೈಯುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಅಂಗಳ ದಾಟಿ ಬರುತ್ತಿದ್ದಳು. ಗೇಟಿನಾಚೆ ಸೈಕಲ್ಲು ಅವಳಷ್ಟೇ ನಿಧಾನವಾಗಿ ಸುತ್ತುತ್ತಲೇ ಇತ್ತು.