ಎತ್ತಿ ಹೊಯ್ದ ಚಹಾ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳನ್ನು ಜರಡಿಗೆ ಹಾಕಿ ಸೋಸಿದರೂ ಗುಡೇಕೋಟೆಯ ಸಂಜೀವನಂತೆ ಚಹಾ ಹೊಯ್ಯುವವನು ಸಿಗುವುದಿಲ್ಲ. ಜರ್ಮನಿಯ ಉತ್ತರ ತುದಿಯ ಒಂದು ಬಂದರು ಊರಿನ ಚರ್ಚಿನಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಅವನು ಕೆಟಲ್ಲನ್ನು ತಲೆಗಿಂತ ಮೇಲೆತ್ತಿ ಓರೆ ಮಾಡಿದನೆಂದರೆ ಶುಂಠಿ ಚಹಾ ಕಂದು ದಾರದಂತೆ ಇಳಿದು ಲೋಟದ ನಟ್ಟನಡುವೆ ಬೀಳುತ್ತಿತ್ತು. ಕಿಟಕಿಯ ಹೊರಗೆ ಕಡಲಹಕ್ಕಿಗಳು ರೆಕ್ಕೆ ಬಡಿಯುವುದನ್ನೂ ಮರೆತು ನೋಡುತ್ತಿದ್ದವು. ಒಂದೆರಡು ಹಾಗೆಯೇ ಕೆಳಗೆ ಬಿದ್ದದ್ದೂ ಉಂಟು.

ಸಂಜೀವ ಕ್ರೈಸ್ತ ಮಿಷನ್ನಿನ ಕೆಲಸಕ್ಕೆಂದು ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಯುದ್ಧ, ಜೈಲು, ಹಸಿವುಗಳಿಂದ ಓಡಿಬಂದ ನಿರಾಶ್ರಿತ ಕುಟುಂಬಗಳಿಗೆ ಕೋಣೆ ಹುಡುಕುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಸರ್ಕಾರಿ ಅರ್ಜಿ ತುಂಬಿಕೊಡುವುದು, ದಾರಿಯಲ್ಲಿ ಸತ್ತ ಅವರ ಮಕ್ಕಳ ಹೆಸರು ಹೇಳಿ ಪ್ರಾರ್ಥಿಸುವುದು ಅವನ ಕೆಲಸ. ಊರಿಗೆ ಫೋನು ಮಾಡಿದಾಗ ಮುನ್ನೂರು ಕುಟುಂಬ ಸಾಕುತ್ತಿದ್ದೇನೆ ಎನ್ನುತ್ತಿದ್ದ. ಒಂದು ಸೊನ್ನೆ ತೆಗೆದರೂ ಅದು ಸಣ್ಣ ಮಾತಲ್ಲ. ಹೆಂಡತಿ ಸಮತಾ ಆ ಮನೆಗಳ ಹೆಂಗಸರಿಗೆ ಜರ್ಮನ್ ಕಲಿಸುತ್ತಿದ್ದಳು.

ಅಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಎರಿಟ್ರಿಯಾದ ತೆಸ್ಫಾಯ್ ತನ್ನ ಆರು ವರ್ಷದ ಮಗಳು ರಾಹೆಲ್ ಜೊತೆ ಕುಳಿತಿದ್ದ. ಮರುಭೂಮಿ, ಕಡಲು ದಾಟಿ ಬಂದವನು. ದಾರಿಯಲ್ಲಿ ಹಿಡಿದವರು ಕಾಯಿಸಿದ ಕಬ್ಬಿಣದಿಂದ ಅವನ ಬೆನ್ನಿನ ಮೇಲೆ ಬರೆ ಎಳೆದಿದ್ದರು. ಅವನಿಗೆ ಆಶ್ರಯ ಕೊಡಬೇಕೋ, ವಾಪಸು ಕಳಿಸಬೇಕೋ ಎಂಬ ತೀರ್ಮಾನ ಮುಂದಿನ ತಿಂಗಳಿತ್ತು. ರಾಹೆಲ್ ಎರಡೂ ಕೈಯಲ್ಲಿ ಲೋಟ ಹಿಡಿದು ಮೇಲೆತ್ತಿದಳು. ಸಂಜೀವ ಕೆಟಲ್ಲನ್ನು ಆಕಾಶಕ್ಕೇ ಎತ್ತಿದ. ಮಗುವಿನ ಕೈ ಅಲುಗಿತು. ಕುದಿಯುವ ಚಹಾ ಅವಳ ಮುಂಗೈ ಮೇಲೆ ಸುರಿಯಿತು.

ಅವಳ ಕಿರುಚಾಟ ಮುಗಿಯುವ ಮೊದಲೇ ತೆಸ್ಫಾಯ್ ತನ್ನ ಹಣೆಯಿಂದ ಸಂಜೀವನ ಬಾಯಿಗೆ ಗುದ್ದಿದ. ಆ ಗುದ್ದಿಗೆ ಗೋಪುರದ ಗಂಟೆ ತಾನೇ ಮೊಳಗಿತೆಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ಒಂದು ಹಲ್ಲು ಹಾರಿ ಪ್ರಾರ್ಥನೆ ಪುಸ್ತಕಗಳ ನಡುವೆ ಬಿತ್ತು. ಮೇಜು ಉರುಳಿತು, ಪಿಂಗಾಣಿ ಕಪ್ಪುಗಳು ಪುಡಿಯಾದವು. ಸಂಜೀವನೇನು ಕಡಿಮೆಯೇ? ಗುಡೇಕೋಟೆಯ ಕರಡಿಗಳು ದಾರಿ ಬಿಡುತ್ತಿದ್ದ ಮೈ ಅದು. ಕುರ್ಚಿ ಎತ್ತಿ ತೆಸ್ಫಾಯ್ ಪಕ್ಕೆಗೆ ಹೊಡೆದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನ ಎದೆ ಮೇಲೆ ಕುಳಿತು ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಗಾಯವಾಗಿದ್ದ ಮಗು ಅಪ್ಪನ ಕಾಲು ಹಿಡಿದು ಎಳೆಯುತ್ತಿತ್ತು. ಸಮತಾ ಗಂಡನ ಕೂದಲು ಹಿಡಿದು ಜಗ್ಗಿದಾಗಲೇ ಅವನ ಮುಷ್ಟಿ ನಿಂತದ್ದು.

ತೆಸ್ಫಾಯ್ ರಕ್ತ ಉಗುಳಿ, ಹರಕು ಜರ್ಮನ್‌ನಲ್ಲಿ ಹೇಳಿದ: "ಈ ಊರಿನವರಿಗೆ ಬಾಗಿ ಹಾಕುತ್ತೀಯ. ನಮಗೆ ನಿಂತು ಹಾಕುತ್ತೀಯ. ನನ್ನ ಮಗಳ ಲೋಟ ತಾಗಿದರೆ ನಿನ್ನ ಕೆಟಲ್ಲಿಗೆ ಏನಾಗುತ್ತದೆ?"

ಹುಚ್ಚನ ಮಾತೆಂದು ಸಂಜೀವ ಬಾಯಿ ಒರೆಸಿಕೊಂಡ.

ಹತ್ತು ನಿಮಿಷದಲ್ಲಿ ಪೊಲೀಸರು ಬಂದರು. ಆಂಬುಲೆನ್ಸಿನವರು ರಾಹೆಲ್‌ಳ ಕೈಗೆ ಪಟ್ಟಿ ಕಟ್ಟಿದರು. ಚರ್ಚಿನ ಸಮಿತಿಯ ಹಿರಿಯಳು ಹೆಲ್ಗಾ ಸಂಜೀವನನ್ನು ಒಳಕೋಣೆಯಲ್ಲಿ ಕೂರಿಸಿ ತಾನೇ ನೀರು ಕೊಟ್ಟಳು. ಅವಳು ಕೆಟ್ಟವಳಲ್ಲ. ದೂರು ಕೊಟ್ಟರೆ ತೆಸ್ಫಾಯ್ ಅರ್ಜಿ ಬಹುಶಃ ಬಿದ್ದುಹೋಗುತ್ತದೆ ಎಂದು ಅವಳೇ ಒಪ್ಪಿಕೊಂಡಳು. ಆದರೆ ಕೊಡದಿದ್ದರೆ ಊರಿನವರು ಈ ಬಾಗಿಲನ್ನೇ ಮುಚ್ಚಿಸುತ್ತಾರೆ, ಉಳಿದ ಇಪ್ಪತ್ತೊಂಬತ್ತು ಕುಟುಂಬಗಳಿಗೂ ದಾರಿ ಇರುವುದಿಲ್ಲ ಎಂದಳು. "ಮೊದಲು ಹೊಡೆದವನು ಅವನು. ಅಷ್ಟು ಹೇಳಿದರೆ ಸಾಕು, ಸಂಜೀವ್." ಅದು ನಿಜವೂ ಆಗಿತ್ತು. ಅವನು ತಲೆಯಾಡಿಸಿದ.

ಅಷ್ಟರಲ್ಲಿ ಫೋನು ಬಂತು. ಪ್ರತಿ ಭಾನುವಾರ ಈ ಹೊತ್ತಿಗೆ ಗುಡೇಕೋಟೆಯಿಂದ ಅವನ ತಾಯಿ ಮಾಳಮ್ಮ ವಿಡಿಯೊದಲ್ಲಿ ಬರುತ್ತಿದ್ದಳು. ಎತ್ತದಿದ್ದರೆ ಊರನ್ನೆಲ್ಲ ಎಬ್ಬಿಸುತ್ತಾಳೆಂದು ಸಮತಾ ಎತ್ತಿದಳು. ಮಗನ ಮುಖ ಕಂಡು ಮಾಳಮ್ಮ ಅಳಲಿಲ್ಲ.

"ಯಾವನಲೇ ಅವ?"

"ಚಾ ಹಾಕಿದ್ದಕ್ಕ ಹೊಡದಾನ ಯವ್ವಾ. ಅವನ ಕೂಸಿನ ಕೈ ಮ್ಯಾಲ ಒಂದೀಟು ಬಿತ್ತು, ಅಷ್ಟ. ಒಂಬತ್ತು ವರ್ಷ ಇವ್ರಿಗಾಗಿ ಸತ್ತೀನಿ."

"ಚಾ ಹಾಕಿದ್ರ ಯಾರಾನ ಹೊಡಿತಾರೇನು? ಹೆಂಗ ಹಾಕಿದಿ, ತೋರ್ಸು."

ಸಂಜೀವ ಎದ್ದು ನಿಂತು, ಇಲ್ಲದ ಕೆಟಲ್ಲನ್ನು ಹಿಡಿದು ಕೈ ತಲೆಗಿಂತ ಮೇಲೆತ್ತಿದ. ಆ ನೋವಿನಲ್ಲೂ ಕೈ ಬಿಗುಮಾನದಿಂದಲೇ ಎದ್ದಿತು.

ಮಾಳಮ್ಮ ಫೋನನ್ನು ಮುಖದ ಹತ್ತಿರ ತಂದು ಆ ಕೈಯನ್ನೇ ನೋಡಿದಳು. ಆಮೇಲೆ, "ಕೈ ಇಳಸು," ಎಂದಳು.

"ಯಾಕ?"

"ಇಳಸಲೇ. ಹಿಂಗ ಹಾಕು ಅಂತ ನಿನಗ ಯಾರ್ ಕಲಿಸಿದ್ರು?"

"ಕಲಿಸೋದೇನೈತಿ. ಹೊರಗ ಕುಂತೋರಿಗೆ ಹಿಂಗ ಅಲ್ಲೇನು ಹಾಕೋ..."

ಹೇಳಿದ್ದು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ.

ಐದು ವರ್ಷದವನಿದ್ದಾಗ ಅಪ್ಪ ರಾಮಣ್ಣನ ಜೊತೆ ಹೋಟೆಲ್ಲಿನ ಹೊರಗಿನ ಕಲ್ಲಿನ ಮೇಲೆ ಅವನು ಕುಳಿತಿದ್ದ. ಮೇಲಿನಿಂದ ದಾರದಂತೆ ಇಳಿದು ಬಂದ ಚಹಾ ಕಂಡು ಎಷ್ಟು ಚಂದ ಹೊಯ್ಯುತ್ತಾನಲ್ಲ ಎಂದು ಬಾಯಿಬಿಟ್ಟಿದ್ದ. ಮನೆಗೆ ಬಂದು ತಂಬಿಗೆಯಲ್ಲಿ ನೀರು ಹೊಯ್ದು ಹೊಯ್ದು ಕಲಿತಿದ್ದ. ಒಳಗೆ ಕುಳಿತವರಿಗೆ ಹೇಗೆ ಕೊಡುತ್ತಿದ್ದರೆಂದು ಅವನಿಗೆ ಕಂಡೇ ಇರಲಿಲ್ಲ. ಒಳಗೆ ಬಿಟ್ಟಿದ್ದರೆ ತಾನೇ?

"ನಿಮ್ಮಪ್ಪನ ಕೈ ಸೊಟ್ಟ ಆಗಿದ್ದು ಲಾರಿ ಮ್ಯಾಲಿಂದ ಬಿದ್ದಲ್ಲ," ಎಂದಳು ಮಾಳಮ್ಮ. "ನಿನಗ ಹಂಗ ಹೇಳಿದ್ವಿ."

ಅವಳು ಹೇಳಿದಷ್ಟೂ ಏರುದನಿಯಿಲ್ಲದೆ ಹೇಳಿದಳು. ಒಂದು ದಿನ ಚಹಾ ರಾಮಣ್ಣನ ಮುಂಗೈ ಸುಟ್ಟಿತ್ತು. ಸ್ವಲ್ಪ ಕೆಳಗೆ ಹಿಡಿದು ಹಾಕಿರೆಂದು ಕೇಳಿದ್ದಕ್ಕೆ ಹೊಯ್ಯುವವನು ನಕ್ಕು, ಇನ್ನೂ ಒಂದು ಗೇಣು ಮೇಲೆತ್ತಿದ. ರಾಮಣ್ಣ ಕೆಟಲ್ಲು ಕಸಿದುಕೊಂಡು ಅವನ ತಲೆ ಒಡೆದ. ಎಂಟು ಜನ ಸೌದೆ ಹಿಡಿದು ಬಂದರು. ರಸ್ತೆಯಲ್ಲಿ ಕೆಡವಿ, ಸುಟ್ಟ ಕೈಯನ್ನೇ ಕಲ್ಲಿನ ಮೇಲಿಟ್ಟು ಎರಡು ಕಡೆ ಮುರಿದರು. ಪ್ರಜ್ಞೆ ತಪ್ಪಿದವನನ್ನೇ ಠಾಣೆಗೆ ಎಳೆದೊಯ್ದರು. ಮೂರು ತಿಂಗಳು ಜೈಲಾಯಿತು.

"ಮೊದ್ಲು ಹೊಡದೋನು ರಾಮಣ್ಣ ಅಂತ ಎಲ್ರೂ ಹೇಳಿದ್ರು. ಖರೇನ ಅದು. ಚಾ ಹೆಂಗ ಹೊಯ್ದ್ರು ಅಂತ ಮಾತ್ರ ಒಬ್ರೂ ಬರ್ಕಳ್ಳಿಲ್ಲ." ಆಮೇಲೆ ಕೇಳಿದಳು: "ಆ ಕೂಸಿನ ಕೈ ಹೆಂಗೈತಿ?"

ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಸಮತಾ ಫೋನು ಇಟ್ಟು, ಗಂಡನ ಮುಖ ನೋಡದೆ ಹೇಳಿದಳು: "ಹೆಲ್ಗಾಗ ನೀವು ಬಾಗಿ, ಕಪ್ಪಿಗೆ ಹಚ್ಚಿ ಹಾಕ್ತೀರಿ. ನಾನೂ ದಿನಾ ನೋಡೀನಿ. ಇವ್ರಿಗೆ ಎತ್ತಿ ಹಾಕಿದ್ರ ಚಪ್ಪಾಳೆ ಹೊಡೀತಿದ್ದೆ."

ಸಂಜೀವ ಹೊರಗೆ ಬಂದ. ನೆಲದ ತುಂಬ ಪಿಂಗಾಣಿ ಚೂರು, ಚಹಾ, ರಕ್ತ. ಗೋಡೆಗೆ ಒರಗಿ ಕುಳಿತಿದ್ದ ತೆಸ್ಫಾಯ್ ಒಂದು ಕೈಯಿಂದ ಪಕ್ಕೆ ಹಿಡಿದುಕೊಂಡು, ಇನ್ನೊಂದರಿಂದ ಮಗಳನ್ನು ಹಿಂದಕ್ಕೆ ಸರಿಸಿಕೊಂಡ. ಇನ್ನೊಂದು ಏಟಿಗೆ ಸಿದ್ಧನಾದವನ ಕಣ್ಣುಗಳು ಅವು. ಸಂಜೀವ ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ಇನ್ನೂ ಬಂದಿಲ್ಲವೆನಿಸಿತು. ಪೊಲೀಸ್ ಅಧಿಕಾರಿಣಿಯ ಮುಂದೆ ಹೋಗಿ ನಿಂತ. ಅವಳು ಹೆಸರು, ವಿಳಾಸ ಬರೆದುಕೊಂಡು ಕೇಳಿದಳು.

"ಮೊದಲು ಹೊಡೆದವರು ಯಾರು?"

"ನಾನು."

ಹೆಲ್ಗಾ ಹಿಂದಿನಿಂದ ಅವನ ತೋಳು ಹಿಡಿದಳು. ಇವರಿಗೆ ತಲೆಗೆ ಪೆಟ್ಟಾಗಿದೆ, ನಾಳೆ ಕೇಳಿ ಎಂದಳು. ಕೆಲಸ ಹೋಗುತ್ತದೆ, ಈ ದೇಶದಲ್ಲಿ ಇರಲು ಬಿಡುವುದಿಲ್ಲ ಎಂದು ಕಿವಿಯಲ್ಲಿ ಹೇಳಿದಳು. ಸಂಜೀವ ತೋಳು ಬಿಡಿಸಿಕೊಂಡ.

"ಆ ಮಗುವಿನ ಕೈಗೆ ಆದದ್ದು ನನ್ನ ಏಟು. ಅದಾದ ಮೇಲೆಯೇ ಅವಳ ಅಪ್ಪ ಎದ್ದದ್ದು. ಹಾಗೆಂದೇ ಬರೆದುಕೊಳ್ಳಿ."

ಅಧಿಕಾರಿಣಿ ತೆಸ್ಫಾಯ್‌ನನ್ನು ನೋಡಿದಳು, ರಾಹೆಲ್‌ಳ ಪಟ್ಟಿ ನೋಡಿದಳು, ಪೆನ್ನು ಕಾಗದದ ಮೇಲಿಟ್ಟಳು.

"ಯಾವುದರಿಂದ ಹೊಡೆದಿರಿ?"

ಒಂಬತ್ತು ವರ್ಷ ಆಡಿದ ಜರ್ಮನ್ ಆ ಕ್ಷಣ ಅವನ ಒಡೆದ ತುಟಿಗೆ ಬರಲಿಲ್ಲ. ಕನ್ನಡವೇ ಬಂತು.

"ಎತ್ತರದಿಂದ."